ಜೀವಕೋಶದ ಬಜೆಟ್ಟಿನಲ್ಲಿ ಸಿಂಹಪಾಲು ಯಾರಿಗೆ? ರೈಬೋಸೋಮಲ್ ಆರ್‌ಎನ್‌ಎ ಲೆಕ್ಕ



ಕಳೆದ ಸಂಚಿಕೆ ಕ್ಷಯರೋಗದ ಬಗ್ಗೆ ಇತ್ತು. ಅದನ್ನ ಕೇಳಿದ ಮೇಲೆ ತುಂಬಾ ಜನ ಒಂದೇ ಪ್ರಶ್ನೆ ಕಳಿಸಿದ್ರು. ಗಂಟಲು ಕೆಟ್ಟರೆ ಡಾಕ್ಟ್ರು ಐದು ದಿನದ ಮಾತ್ರೆ ಬರೀತಾರೆ. ಟಿಬಿಗೆ ಮಾತ್ರ ಆರು ತಿಂಗಳು ಯಾಕೆ? ಎರಡೂ ಬ್ಯಾಕ್ಟೀರಿಯಾನೇ ಅಲ್ವಾ?

ಉತ್ತರ ಹುಡುಕ್ತಾ ಹೋದೆ. ಹೋಗಿ ನಿಂತಿದ್ದು ನಾನು ಅಂದುಕೊಳ್ಳದ ಒಂದು ಜಾಗದಲ್ಲಿ. ಪಿಯುಸಿ ಸೈನ್ಸ್ ಓದಿದವರಿಗೆ ಆ ಹೆಸರು ನೆನಪಿರಬಹುದು, ನಾನು ಬಿಕಾಂ ಓದಿದವಳು, ನನಗೆ ಹೊಸದು: ರೈಬೋಸೋಮಲ್ ಆರ್‌ಎನ್‌ಎ. ಇವತ್ತಿನ ಸಂಚಿಕೆ ಪೂರ್ತಿ ಅದರದ್ದೇ. ಜೀವಕೋಶ ಇದನ್ನ ಹೇಗೆ ತಯಾರಿಸತ್ತೆ, ಎಷ್ಟು ತಯಾರಿಸಬೇಕು ಅಂತ ಹೇಗೆ ತೀರ್ಮಾನ ಮಾಡತ್ತೆ, ಯಾವಾಗ ಕೆಲಸ ನಿಲ್ಲಿಸತ್ತೆ. ಟಿಬಿ ಪ್ರಶ್ನೆಗೆ ಮಧ್ಯದಲ್ಲಿ ಬರ್ತೀನಿ, ಸ್ವಲ್ಪ ತಾಳ್ಮೆ ಇರಲಿ.

ಕಾಮರ್ಸ್ ಓದಿದವರಿಗೆ ಒಂದು ಅಭ್ಯಾಸ ಇರತ್ತೆ. ಒಂದು ಕಂಪನಿ ಬಗ್ಗೆ ತಿಳಿಬೇಕು ಅಂದ್ರೆ ಅದು ಏನು ಹೇಳ್ಕೊಳ್ಳತ್ತೆ ಅಂತ ಕೇಳಲ್ಲ, ದುಡ್ಡು ಎಲ್ಲಿಗೆ ಹೋಗ್ತಿದೆ ನೋಡ್ತೀವಿ. ಜೀವಕೋಶಕ್ಕೂ ಅದನ್ನೇ ಮಾಡೋಣ. ಒಂದು ಕೋಶದಲ್ಲಿರೋ ಆರ್‌ಎನ್‌ಎಯನ್ನೆಲ್ಲ ತೆಗೆದು ತಕ್ಕಡಿಗೆ ಹಾಕಿದ್ರೆ, ಸುಮಾರು ಶೇ. 80ರಷ್ಟು ರೈಬೋಸೋಮಲ್ ಆರ್‌ಎನ್‌ಎ. ಬ್ಯಾಕ್ಟೀರಿಯಾ ಇರಲಿ, ನಮ್ಮ ಪಿತ್ತಜನಕಾಂಗದ ಕೋಶ ಇರಲಿ, ಹೆಚ್ಚುಕಡಿಮೆ ಇದೇ ಲೆಕ್ಕ. ಪೇಪರಿನಲ್ಲಿ ನಾವು ಓದೋ ಎಂಆರ್‌ಎನ್‌ಎ, ಅದೇ ಕೋವಿಡ್ ಲಸಿಕೆ ಸಮಯದಲ್ಲಿ ಮನೆಮಾತಾಗಿದ್ದು, ಕೋಶದೊಳಗೆ ಅದರ ಪಾಲು ಶೇಕಡಾ ಕೆಲವು ಮಾತ್ರ. ಹೆಸರು ಒಬ್ಬರದ್ದು, ಖರ್ಚು ಇನ್ನೊಬ್ಬರದ್ದು.

ಹಾಗಾದ್ರೆ ಇದು ಏನು? ಕೋಶದಲ್ಲಿ ಪ್ರೋಟೀನ್ ತಯಾರಿಸೋ ಯಂತ್ರದ ಹೆಸರು ರೈಬೋಸೋಮ್. ಎಂಆರ್‌ಎನ್‌ಎ ಅನ್ನೋ ಪಟ್ಟಿಯನ್ನ ಓದ್ತಾ, ಅದರಲ್ಲಿ ಬರೆದ ಹಾಗೆ ಅಮೈನೋ ಆಮ್ಲಗಳನ್ನ ಒಂದರ ಹಿಂದೆ ಒಂದು ಪೋಣಿಸ್ತಾ ಹೋಗತ್ತೆ, ಮಲ್ಲಿಗೆ ಕಟ್ಟಿದ ಹಾಗೆ. ಈ ಯಂತ್ರಕ್ಕೆ ಎರಡು ಭಾಗ, ಒಂದು ದೊಡ್ಡದು ಒಂದು ಚಿಕ್ಕದು. ಎರಡೂ ಆರ್‌ಎನ್‌ಎ ಮತ್ತು ಪ್ರೋಟೀನ್ ಸೇರಿ ಆಗಿರೋವು. ಬ್ಯಾಕ್ಟೀರಿಯಾದ ರೈಬೋಸೋಮ್ ತೂಕದಲ್ಲಿ ಮೂರನೇ ಎರಡು ಭಾಗ ಆರ್‌ಎನ್‌ಎ. ಬಹಳ ಕಾಲ ವಿಜ್ಞಾನಿಗಳು, ಈ ಆರ್‌ಎನ್‌ಎ ಬರೀ ಚೌಕಟ್ಟು, ನಿಜವಾದ ಕೆಲಸ ಮಾಡೋದು ಪ್ರೋಟೀನುಗಳು ಅಂದುಕೊಂಡಿದ್ರು. 2000ನೇ ಇಸವಿಯಲ್ಲಿ ರೈಬೋಸೋಮಿನ ಪರಮಾಣು ಮಟ್ಟದ ಚಿತ್ರಗಳು ಬಂದವು. ನೋಡಿದ್ರೆ ಅಮೈನೋ ಆಮ್ಲಗಳು ಬೆಸೆಯೋ ಜಾಗದಲ್ಲಿ ಪ್ರೋಟೀನೇ ಇಲ್ಲ, ಸುತ್ತ ಬರೀ ಆರ್‌ಎನ್‌ಎ. ಚೌಕಟ್ಟು ಅಂದುಕೊಂಡಿದ್ದೇ ಯಂತ್ರ. ಈ ಕೆಲಸಕ್ಕೆ 2009ರಲ್ಲಿ ನೊಬೆಲ್ ಬಂತು, ಥಾಮಸ್ ಸ್ಟೈಟ್ಸ್, ಅದಾ ಯೋನಾತ್ ಮತ್ತು ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಅವರಿಗೆ.

ಇಷ್ಟು ಪೀಠಿಕೆ ಸಾಕು. ಲೆಕ್ಕಕ್ಕೆ ಬರೋಣ, ನನಗೆ ತುಂಬಾ ಖುಷಿ ಕೊಟ್ಟ ಭಾಗ ಇದು.

ನಮ್ಮ ಕರುಳಲ್ಲಿ ಇರೋ ಇ. ಕೋಲೈ ಬ್ಯಾಕ್ಟೀರಿಯಾ ತಗೊಳ್ಳಿ. ಒಳ್ಳೆ ಊಟ ಸಿಕ್ಕರೆ 20 ನಿಮಿಷಕ್ಕೆ ಒಂದು ಎರಡಾಗತ್ತೆ. ಎರಡಾಗಬೇಕು ಅಂದ್ರೆ ಒಳಗಿನ ಎಲ್ಲವೂ ಎರಡರಷ್ಟಾಗಬೇಕು, ರೈಬೋಸೋಮುಗಳೂ ಸೇರಿ. ರೈಬೋಸೋಮ್ ಅನ್ನೋದು ಯಂತ್ರ ತಯಾರಿಸೋ ಯಂತ್ರ ಕೂಡ, ಯಾಕಂದ್ರೆ ಅದರೊಳಗಿನ ಪ್ರೋಟೀನುಗಳನ್ನೂ ರೈಬೋಸೋಮೇ ತಯಾರಿಸಬೇಕು. ಒಂದು ರೈಬೋಸೋಮಿನಲ್ಲಿ 50ಕ್ಕೂ ಹೆಚ್ಚು ಬಗೆಯ ಪ್ರೋಟೀನ್ ಇವೆ, ಎಲ್ಲ ಸೇರಿಸಿದ್ರೆ ಸುಮಾರು 7,400 ಅಮೈನೋ ಆಮ್ಲ. ಒಂದು ರೈಬೋಸೋಮ್ ಸೆಕೆಂಡಿಗೆ ಹೆಚ್ಚೆಂದರೆ 20 ಪೋಣಿಸತ್ತೆ. ಭಾಗಿಸಿ ನೋಡಿ: 370 ಸೆಕೆಂಡು, ಆರು ನಿಮಿಷದ ಮೇಲೆ. ಅಂದ್ರೆ ಕೋಶ ಬೇರೆ ಎಲ್ಲ ಕೆಲಸ ಬಿಟ್ಟು ಬರೀ ರೈಬೋಸೋಮನ್ನೇ ಮಾಡ್ತಾ ಕೂತರೂ ಆರು ನಿಮಿಷಕ್ಕಿಂತ ಬೇಗ ಎರಡಾಗೋಕೆ ಸಾಧ್ಯವೇ ಇಲ್ಲ.

ಇದು ಪ್ರೋಟೀನಿನ ಕಡೆಯ ಲೆಕ್ಕ. ಆರ್‌ಎನ್‌ಎ ಕಡೆಯದ್ದು ಇನ್ನೂ ಬಿಗಿ. ಯಾಕೆ ಅಂದ್ರೆ, ಒಂದು ಪ್ರೋಟೀನ್ ತುಂಬಾ ಬೇಕು ಅಂದ್ರೆ ಕೋಶಕ್ಕೆ ಎರಡು ಕಡೆ ಗುಣಾಕಾರ ಮಾಡೋ ಅವಕಾಶ ಇದೆ. ಒಂದು ಜೀನ್‌ನಿಂದ ಹತ್ತು ಎಂಆರ್‌ಎನ್‌ಎ ಪ್ರತಿ ತೆಗೀಬಹುದು, ಒಂದೊಂದು ಪ್ರತಿಯಿಂದ ಹತ್ತಾರು ಪ್ರೋಟೀನ್ ತೆಗೀಬಹುದು. ಮಾಸ್ಟರ್ ಕಾಪಿಯಿಂದ ಜೆರಾಕ್ಸ್, ಜೆರಾಕ್ಸ್‌ನಿಂದ ಮತ್ತೆ ಜೆರಾಕ್ಸ್. ರೈಬೋಸೋಮಲ್ ಆರ್‌ಎನ್‌ಎಗೆ ಆ ಎರಡನೇ ಹಂತ ಇಲ್ಲ. ಅದರಿಂದ ಪ್ರೋಟೀನ್ ತಯಾರಾಗಲ್ಲ, ಅದೇ ಅಂತಿಮ ಸರಕು. 50,000 ರೈಬೋಸೋಮ್ ಬೇಕು ಅಂದ್ರೆ ಡಿಎನ್‌ಎಯಿಂದ 50,000 ಸಲ ಪ್ರತಿ ತೆಗೀಲೇಬೇಕು. ಶಾರ್ಟ್‌ಕಟ್ ಇಲ್ಲ.

ಈ 50,000 ನಾನು ಸುಮ್ಮನೆ ಹೇಳಿದ ಸಂಖ್ಯೆ ಅಲ್ಲ. 20 ನಿಮಿಷಕ್ಕೆ ಎರಡಾಗ್ತಿರೋ ಇ. ಕೋಲೈ ಕೋಶ ಆಗತಾನೆ ಹುಟ್ಟಿದಾಗ ಸುಮಾರು 50,000 ರೈಬೋಸೋಮ್ ಇಟ್ಕೊಂಡಿರತ್ತೆ, ಒಡೆಯೋ ಹೊತ್ತಿಗೆ ಲಕ್ಷ ಆಗಿರಬೇಕು. 1,200 ಸೆಕೆಂಡಿನಲ್ಲಿ 50,000 ಪ್ರತಿ. ಇದಕ್ಕೆ ಅದರ ಡಿಎನ್‌ಎಯಲ್ಲಿ ಎಷ್ಟು ಜೀನ್ ಇವೆ? ಏಳು ಜಾಗದಲ್ಲಿ ಇವೆ. ಪ್ರತಿ ಜಾಗದಲ್ಲೂ ಮೂರು ಬಗೆಯ ರೈಬೋಸೋಮಲ್ ಆರ್‌ಎನ್‌ಎ ಒಂದೇ ಸಾಲಲ್ಲಿ ಬರೆದಿರತ್ತೆ. ಹೆಸರು 16ಎಸ್, 23ಎಸ್, 5ಎಸ್. ಒಟ್ಟಿಗೆ ಒಂದೇ ಉದ್ದ ಎಳೆಯಾಗಿ ನಕಲು ತೆಗೆದು ಆಮೇಲೆ ಕತ್ತರಿಸೋದು. ಮೂರೂ ಸಮ ಪ್ರಮಾಣದಲ್ಲಿ ಬೇಕಲ್ಲ, ಅದಕ್ಕೆ ಈ ಏರ್ಪಾಡು.

ನಕಲು ತೆಗೆಯೋ ಕಿಣ್ವದ ಹೆಸರು ಆರ್‌ಎನ್‌ಎ ಪಾಲಿಮರೇಸ್. ಒಂದು ಪಾಲಿಮರೇಸ್ ಕೆಲಸ ಮುಗಿಸೋ ತನಕ ಇನ್ನೊಂದು ಕಾಯಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಹಿಂದೆ ಬಸ್ಸು ನಿಂತ ಹಾಗೆ, ಒಂದೇ ಜೀನ್ ಮೇಲೆ ಸಾಲಾಗಿ ಓಡ್ತಿರ್ತವೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇದು ಹೇಗೆ ಕಾಣತ್ತೆ ಅಂತ 1969ರಲ್ಲಿ ಆಸ್ಕರ್ ಮಿಲ್ಲರ್ ಮತ್ತು ಬಾರ್ಬರಾ ಬೀಟಿ ಉಭಯಚರ ಪ್ರಾಣಿಯ ಅಂಡಾಣುವಿನಲ್ಲಿ ತೋರಿಸಿದ್ರು. ನಡುವೆ ಡಿಎನ್‌ಎ ಕಡ್ಡಿ, ಅದರ ಎರಡೂ ಬದಿಗೆ ಒಂದರ ಪಕ್ಕ ಒಂದು ಆರ್‌ಎನ್‌ಎ ಎಳೆಗಳು, ಶುರುವಲ್ಲಿ ಗಿಡ್ಡ, ಮುಂದೆ ಹೋದ ಹಾಗೆ ಉದ್ದ. ಅವರೆಲ್ಲ ಅದನ್ನ ಕ್ರಿಸ್‌ಮಸ್ ಮರ ಅಂತಾರೆ. ನನಗೆ ಮಲೆನಾಡಿನ ಜರಿಗಿಡದ ಗರಿ ಕಂಡ ಹಾಗಾಯ್ತು.

ಎಷ್ಟೇ ಒತ್ತೊತ್ತಾಗಿ ನಿಂತರೂ ಒಂದು ಜೀನ್‌ನಿಂದ ಸೆಕೆಂಡಿಗೆ ಸುಮಾರು ಒಂದು ಪ್ರತಿ ಹೊರಡಬಹುದು, ಅಷ್ಟೇ. ಏಳು ಜೀನ್, 1,200 ಸೆಕೆಂಡು, ಒಟ್ಟು 8,400. ಬೇಕಾಗಿರೋದು 50,000. ತಾಳೆ ಆಗ್ತಿಲ್ಲ!

ಇಲ್ಲಿ ಬ್ಯಾಕ್ಟೀರಿಯಾ ಮಾಡೋ ಉಪಾಯ ನೋಡಿ. ಅದರ ಡಿಎನ್‌ಎ ಪೂರ್ತಿ ನಕಲಾಗೋಕೆ ಸುಮಾರು 40 ನಿಮಿಷ ಬೇಕು, ಆದರೆ ಅದು ಒಡೆಯೋದು 20 ನಿಮಿಷಕ್ಕೆ. ಹಾಗಾಗಿ ಒಂದು ನಕಲು ಮುಗಿಯೋ ಮೊದಲೇ ಇನ್ನೊಂದು ಶುರು ಮಾಡಿರತ್ತೆ, ಮೊಮ್ಮಕ್ಕಳಿಗೆ ಈಗಲೇ ಮನೆ ಕಟ್ಟೋಕೆ ಶುರು ಮಾಡಿದ ಹಾಗೆ. ಇದರಿಂದ ನಕಲು ಶುರುವಾಗೋ ಜಾಗದ ಹತ್ತಿರ ಇರೋ ಜೀನ್‌ಗಳಿಗೆ ಒಂದೇ ಕೋಶದಲ್ಲಿ ಹಲವು ಪ್ರತಿ ಇರತ್ತೆ. ರೈಬೋಸೋಮಲ್ ಆರ್‌ಎನ್‌ಎ ಜೀನ್‌ಗಳು ಹೆಚ್ಚಾಗಿ ಇರೋದು ಅಲ್ಲೇ. ವೇಗವಾಗಿ ಬೆಳೀತಿರೋ ಕೋಶದಲ್ಲಿ ಏಳರ ಬದಲು ಸುಮಾರು 35 ಪ್ರತಿ ಇರ್ತವೆ. 35 ಇಂಟು 1,200, ಅಂದ್ರೆ 42,000. ಸೆಕೆಂಡಿಗೆ ಒಂದಕ್ಕಿಂತ ಚೂರು ಜಾಸ್ತಿ ವೇಗ ಹಿಡಿದ್ರೆ ಲೆಕ್ಕ ಕೂಡಿಕೊಳ್ಳತ್ತೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದಾಗ ಸಿಗೋ ನೆಮ್ಮದಿ ಗೊತ್ತಿರೋರಿಗೆ ಈ ಸಂಖ್ಯೆಗಳು ಎಷ್ಟು ಚಂದ ಅಂತ ಅರ್ಥ ಆಗತ್ತೆ.

ಸರಿ, ಇಷ್ಟೊಂದು ಬಂಡವಾಳ ಒಂದೇ ಕಡೆ ಹಾಕಿದ ಮೇಲೆ ಅಪಾಯ ಇದ್ದೇ ಇರತ್ತಲ್ಲ? ಊಟ ಮುಗಿದು ಹೋದಾಗ ಇದೇ ವೇಗದಲ್ಲಿ ಯಂತ್ರ ಕಟ್ಟುತ್ತಾ ಕೂತರೆ ಕೋಶ ದಿವಾಳಿ. ಕಚ್ಚಾವಸ್ತು ಇಲ್ಲದ ಊರಲ್ಲಿ ಫ್ಯಾಕ್ಟರಿ ಮೇಲೆ ಫ್ಯಾಕ್ಟರಿ ಕಟ್ಟಿದ ಹಾಗೆ. ಅದಕ್ಕೇ ಬ್ರೇಕ್ ಇರಬೇಕು.

ಆ ಬ್ರೇಕ್ ಸಿಕ್ಕಿದ್ದು 1969ರಲ್ಲಿ. ಮೈಕೆಲ್ ಕ್ಯಾಶೆಲ್ ಮತ್ತು ಜೊನಾಥನ್ ಗ್ಯಾಲಂಟ್ ಇ. ಕೋಲೈಯನ್ನ ಅಮೈನೋ ಆಮ್ಲ ಇಲ್ಲದೆ ಉಪವಾಸ ಕೆಡವಿ, ಒಳಗಿನ ಸಣ್ಣ ಅಣುಗಳನ್ನ ಬೇರ್ಪಡಿಸಿ ನೋಡ್ತಿದ್ರು. ಮಾಮೂಲಿ ಕೋಶಗಳಲ್ಲಿ ಇಲ್ಲದ ಎರಡು ಕಲೆಗಳು ಉಪವಾಸ ಬಿದ್ದ ಕೋಶಗಳಲ್ಲಿ ಕಾಣಿಸಿದವು. ಏನಂತ ಗೊತ್ತಿರಲಿಲ್ಲ, ಹಾಗಾಗಿ ಮ್ಯಾಜಿಕ್ ಸ್ಪಾಟ್ ಅಂತ ಹೆಸರು ಬಿತ್ತು. ಅದರಲ್ಲಿ ಒಂದನ್ನ ಈಗ ಪಿಪಿಜಿಪಿಪಿ ಅಂತಾರೆ. ಹೆಸರು ಕೇಳೋಕೆ ಮಗು ಪೀಪಿ ಊದಿದ ಹಾಗಿದೆ, ಕೆಲಸ ಮಾತ್ರ ಗಂಭೀರ.

ಅದು ನಡೆಯೋದು ಹೀಗೆ. ರೈಬೋಸೋಮಿಗೆ ಅಮೈನೋ ಆಮ್ಲ ಹೊತ್ತು ತರೋ ಕೂಲಿಯವರು ಇದ್ದಾರೆ, ಅವರ ಹೆಸರು ಟಿ-ಆರ್‌ಎನ್‌ಎ. ಕೊರತೆ ಬಂದಾಗ ಕೂಲಿಯವರು ಬರಿಗೈಯಲ್ಲಿ ಬರ್ತಾರೆ. ಬರಿಗೈ ಟಿ-ಆರ್‌ಎನ್‌ಎ ರೈಬೋಸೋಮಿನ ಒಳಗೆ ಬಂದು ಕೂತ ತಕ್ಷಣ, ರೆಲ್‌ಎ ಅನ್ನೋ ಕಿಣ್ವಕ್ಕೆ ಸುದ್ದಿ ಮುಟ್ಟತ್ತೆ. ಅದು ಪಿಪಿಜಿಪಿಪಿ ತಯಾರಿಸೋಕೆ ಶುರು ಮಾಡತ್ತೆ. ಕೆಲವೇ ಸೆಕೆಂಡುಗಳಲ್ಲಿ ಕೋಶದ ತುಂಬ ಅದೇ. ಅದು ಹೋಗಿ ಆರ್‌ಎನ್‌ಎ ಪಾಲಿಮರೇಸಿಗೆ ಅಂಟಿಕೊಳ್ಳತ್ತೆ, ಜೊತೆಗೆ ಡಿಕೆಎಸ್‌ಎ ಅನ್ನೋ ಪ್ರೋಟೀನ್ ಸೇರಿಕೊಳ್ಳತ್ತೆ. ಆಮೇಲೆ ಪಾಲಿಮರೇಸ್ ರೈಬೋಸೋಮಲ್ ಜೀನ್‌ಗಳ ಬಾಗಿಲಲ್ಲಿ ನಿಲ್ಲೋಕೆ ಆಗಲ್ಲ, ಜಾರಿ ಬೀಳತ್ತೆ. ಬೇರೆ ಜೀನ್‌ಗಳ ಬಾಗಿಲಿಗೆ ಇಷ್ಟು ತೊಂದರೆ ಆಗಲ್ಲ, ಅಮೈನೋ ಆಮ್ಲ ತಯಾರಿಸೋ ಜೀನ್‌ಗಳು ಇನ್ನೂ ಜೋರಾಗ್ತವೆ. ಬರಗಾಲದಲ್ಲಿ ಮನೆ ವಿಸ್ತರಣೆ ನಿಲ್ಲಿಸಿ ಬಾವಿ ತೋಡಿದ ಹಾಗೆ.

ಈ ರೈಬೋಸೋಮಲ್ ಬಾಗಿಲು ಬೇಕಂತಲೇ ಸಡಿಲ ಇರತ್ತೆ ಅನ್ನೋದು ನನಗೆ ಇಷ್ಟವಾದ ವಿಷಯ. ಪಾಲಿಮರೇಸ್ ಬಂದು ಡಿಎನ್‌ಎ ತೆರೆದರೂ ಅದು ಕ್ಷಣದಲ್ಲೇ ಮುಚ್ಚಿಕೊಳ್ಳೋಕೆ ನೋಡತ್ತೆ. ಅಷ್ಟರೊಳಗೆ ಮೊದಲ ಅಕ್ಷರ, ಅಂದ್ರೆ ಎಟಿಪಿ ಅಥವಾ ಜಿಟಿಪಿ, ಸಿಕ್ಕರೆ ಕೆಲಸ ಮುಂದುವರಿಯತ್ತೆ, ಇಲ್ಲಾಂದ್ರೆ ಇಲ್ಲ. ಎಟಿಪಿ ಅಂದ್ರೆ ಕೋಶದ ಶಕ್ತಿಯ ನಗದು. ಕೈಯಲ್ಲಿ ನಗದು ಇದ್ರೆ ಮಾತ್ರ ಹೊಸ ಯಂತ್ರ. ಸಾಲ ಮಾಡಿ ಯಂತ್ರ ತರೋ ಪದ್ಧತಿ ಇಲ್ಲ.

ರೈಬೋಸೋಮಿನ ಪ್ರೋಟೀನುಗಳ ಕಥೆ ಏನು? ಅವಕ್ಕೆ ಬೇರೆ ಮ್ಯಾನೇಜರ್ ಬೇಕಿಲ್ಲ. 1980ರ ಸುಮಾರಿಗೆ ಮಸಾಯಸು ನೊಮುರಾ ಅವರ ತಂಡ ಇದನ್ನ ಬಿಡಿಸಿತು. ಹೊಸ ಪ್ರೋಟೀನುಗಳು ಮೊದಲು ರೈಬೋಸೋಮಲ್ ಆರ್‌ಎನ್‌ಎ ಹುಡುಕಿಕೊಂಡು ಹೋಗಿ ಅಂಟಿಕೊಳ್ತವೆ. ಅದು ಸಿಗದಿದ್ರೆ, ಕೆಲವು ಪ್ರೋಟೀನುಗಳು ತಮ್ಮದೇ ಎಂಆರ್‌ಎನ್‌ಎಗೆ ಹೋಗಿ ಅಂಟಿಕೊಂಡು ಇನ್ನು ಸಾಕು ಅಂತ ಉತ್ಪಾದನೆ ನಿಲ್ಲಿಸ್ತವೆ. ಹಾಗಾಗಿ ರೈಬೋಸೋಮಲ್ ಆರ್‌ಎನ್‌ಎ ಎಷ್ಟು ತಯಾರಾಗತ್ತೋ ಪ್ರೋಟೀನ್ ಅಷ್ಟಕ್ಕೇ ಹೊಂದಿಕೊಳ್ಳತ್ತೆ.

ಈಗ ಟಿಬಿಗೆ ಬರೋಣ.

ಇ. ಕೋಲೈಗೆ ಏಳು ಕಡೆ ಈ ಜೀನ್ ಇದೆ ಅಂದೆ. ಟಿಬಿ ಬ್ಯಾಕ್ಟೀರಿಯಾಕ್ಕೆ ಎಷ್ಟು ಗೊತ್ತಾ? ಒಂದು. ಒಂದೇ ಒಂದು. 20 ನಿಮಿಷಕ್ಕೆ ಎರಡಾಗೋ ಆಸೆ ಅದಕ್ಕಿಲ್ಲ. ಒಂದು ಎರಡಾಗೋಕೆ ಸರಿಸುಮಾರು ಒಂದು ದಿನ ಬೇಕು, ಅದಕ್ಕೇ ಲ್ಯಾಬಿನಲ್ಲಿ ಕಫದ ಕಲ್ಚರ್ ವರದಿ ಬರೋಕೆ ವಾರಗಟ್ಟಲೆ ಆಗೋದು. ನಿಧಾನಕ್ಕೆ ಈ ಒಂದು ಜೀನ್ ಮಾತ್ರ ಕಾರಣ ಅಂತಲ್ಲ, ಅದರ ದಪ್ಪ ಮೇಣದಂಥ ಹೊರಗೋಡೆ ಕಟ್ಟೋದೂ ದುಬಾರಿ ಕೆಲಸ. ಆದರೆ ಮಣ್ಣಿನ ಬ್ಯಾಕ್ಟೀರಿಯಾಗಳನ್ನ ನೋಡಿದ್ರೂ ಇದೇ ನಮೂನೆ ಕಾಣತ್ತೆ: ಊಟ ಸಿಕ್ಕ ಕೂಡಲೇ ಎದ್ದು ಬೆಳೆಯೋವಕ್ಕೆ ಈ ಜೀನ್‌ಗಳು ಹೆಚ್ಚು, ಬಡತನದಲ್ಲಿ ನಿಧಾನವಾಗಿ ಬಾಳೋವಕ್ಕೆ ಒಂದೋ ಎರಡೋ.

ಈ ನಿಧಾನವೇ ರೋಗಿಗೆ ಕಷ್ಟ. ನಮ್ಮ ಔಷಧಗಳಲ್ಲಿ ಬಹಳಷ್ಟು, ಕೆಲಸ ಮಾಡ್ತಿರೋ ಬ್ಯಾಕ್ಟೀರಿಯಾವನ್ನ ಚೆನ್ನಾಗಿ ಕೊಲ್ತವೆ. ಐಸೋನಿಯಾಜಿಡ್ ಕೋಶದ ಗೋಡೆ ಕಟ್ಟೋದನ್ನ ತಡೆಯತ್ತೆ, ಗೋಡೆಯನ್ನೇ ಕಟ್ಟದೆ ಮಲಗಿರೋ ಬ್ಯಾಕ್ಟೀರಿಯಾಕ್ಕೆ ಅದು ಏನು ಮಾಡೀತು? ಟಿಬಿ ಬ್ಯಾಕ್ಟೀರಿಯಾದಲ್ಲೂ ಆ ಮ್ಯಾಜಿಕ್ ಸ್ಪಾಟ್ ಬ್ರೇಕ್ ಇದೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆ ಬ್ರೇಕ್ ಕಿತ್ತು ಹಾಕಿದ ಟಿಬಿ ಬ್ಯಾಕ್ಟೀರಿಯಾವನ್ನ ಇಲಿಗಳಿಗೆ ಹಚ್ಚಿದ್ರು. ಸೋಂಕು ಶುರುವಾಯ್ತು, ಆದರೆ ದೀರ್ಘಕಾಲ ಉಳಿದುಕೊಳ್ಳೋಕೆ ಆ ಬ್ಯಾಕ್ಟೀರಿಯಾಗಳ ಕೈಲಿ ಆಗಲಿಲ್ಲ. ಅಂದ್ರೆ ನಮ್ಮ ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಅಡಗಿ ಕೂರೋ ಶಕ್ತಿ ಅದಕ್ಕೆ ಬರೋದರಲ್ಲಿ ಖರ್ಚು ನಿಲ್ಲಿಸೋ ಕಲೆಯ ಪಾಲು ದೊಡ್ಡದು.

ಇದೇ ನಿಮ್ಮ ಪ್ರಶ್ನೆಗೆ ಉತ್ತರದ ದೊಡ್ಡ ತುಂಡು. ಮೊದಲ ಎರಡು ತಿಂಗಳ ಮಾತ್ರೆಗಳು ಎದ್ದು ಓಡಾಡ್ತಿರೋ ಬ್ಯಾಕ್ಟೀರಿಯಾವನ್ನ ಬಹುಪಾಲು ಮುಗಿಸ್ತವೆ. ಕೆಮ್ಮು ಇಳಿಯತ್ತೆ, ಹಸಿವಾಗತ್ತೆ, ಮೈ ತೂಕ ಬರತ್ತೆ. ಆಗಲೇ ಬಹಳ ಜನ ಮಾತ್ರೆ ನಿಲ್ಲಿಸೋದು. ಉಳಿದ ನಾಲ್ಕು ತಿಂಗಳ ಮಾತ್ರೆ ಇರೋದು ಆ ಮಲಗಿರೋವಕ್ಕೆ, ಒಂದೊಂದಾಗಿ ಏಳೋದನ್ನ ಕಾಯೋಕೆ. ರಿಫಾಂಪಿಸಿನ್ ಅನ್ನೋ ಕೆಂಪು ಮಾತ್ರೆ, ಮೂತ್ರದ ಬಣ್ಣ ಬದಲಾಯಿಸತ್ತಲ್ಲ, ಅದು ಬ್ಯಾಕ್ಟೀರಿಯಾದ ಆರ್‌ಎನ್‌ಎ ಪಾಲಿಮರೇಸಿಗೇ ಅಡ್ಡಗಾಲು ಹಾಕತ್ತೆ. ಅದು ಇದ್ದರೆ ರೈಬೋಸೋಮಲ್ ಆರ್‌ಎನ್‌ಎಯೂ ಇಲ್ಲ, ಬೇರೆ ಯಾವ ಆರ್‌ಎನ್‌ಎಯೂ ಇಲ್ಲ. ಮಲಗಿರೋ ಬ್ಯಾಕ್ಟೀರಿಯಾ ಕಣ್ಣುಬಿಟ್ಟ ಕೂಡಲೇ ಮಾಡಬೇಕಾದ ಮೊದಲ ಕೆಲಸಕ್ಕೇ ಕಲ್ಲು. ಟಿಬಿ ಚಿಕಿತ್ಸೆಯಲ್ಲಿ ಈ ಮಾತ್ರೆಗೆ ಅಷ್ಟು ಬೆಲೆ ಅದಕ್ಕೇ.

ಒಂದೇ ಜೀನ್ ಇರೋದರಿಂದ ಇನ್ನೊಂದು ಪರಿಣಾಮ ಇದೆ, ಅದು ನಮಗೆ ಕೆಟ್ಟದ್ದು. ಸ್ಟ್ರೆಪ್ಟೋಮೈಸಿನ್, ಕೆನಮೈಸಿನ್, ಅಮಿಕಾಸಿನ್ ಇಂಜೆಕ್ಷನ್‌ಗಳು ಚಿಕ್ಕ ಭಾಗದ 16ಎಸ್ ಆರ್‌ಎನ್‌ಎ ಇರೋ ಕಡೆ ಹೋಗಿ ಕೂತು ರೈಬೋಸೋಮನ್ನ ಕೆಡಿಸ್ತವೆ. ಇ. ಕೋಲೈಯಲ್ಲಿ ಏಳು ಜೀನ್ ಪೈಕಿ ಒಂದರಲ್ಲಿ ಅಕ್ಷರ ತಪ್ಪಾಗಿ ಔಷಧ ಅಂಟದ ಹಾಗಾದರೂ, ಉಳಿದ ಆರರಿಂದ ಬಂದ ರೈಬೋಸೋಮುಗಳು ಔಷಧಕ್ಕೆ ಸಿಕ್ಕಿಬೀಳ್ತವೆ. ಟಿಬಿಯಲ್ಲಿ ಒಂದೇ ಜೀನ್. ಅದರಲ್ಲಿ 1401ನೇ ಅಕ್ಷರ ಎ ಬದಲು ಜಿ ಆದರೆ ಸಾಕು, ಕೋಶದ ಹೊಸ ರೈಬೋಸೋಮುಗಳೆಲ್ಲ ಬದಲು. ಕೆನಮೈಸಿನ್, ಅಮಿಕಾಸಿನ್ ಎರಡಕ್ಕೂ ಜಗ್ಗಲ್ಲ. ಔಷಧ ನಿರೋಧಕ ಟಿಬಿ ಪರೀಕ್ಷೆ ಮಾಡೋ ಲ್ಯಾಬುಗಳು ಹುಡುಕೋ ಅಕ್ಷರಗಳಲ್ಲಿ ಇದೂ ಒಂದು.

ಇಲ್ಲಿ ಒಂದು ಒಳ್ಳೆ ಸುದ್ದಿಯೂ ಇದೆ. 2021ರಲ್ಲಿ ಅಮೆರಿಕದ ಸಂಶೋಧಕರು ಆರ್‌ಎಸ್ ರೇಶಿಯೋ ಅನ್ನೋ ಅಳತೆಯನ್ನ ಮುಂದಿಟ್ಟರು. ಕತ್ತರಿಸಿ ಬಿಸಾಡೋ ತುಂಡು ಆಗತಾನೆ ತಯಾರಾದ ರೈಬೋಸೋಮಲ್ ಆರ್‌ಎನ್‌ಎಯಲ್ಲಿ ಮಾತ್ರ ಇರತ್ತೆ, ಹಳೆಯದರಲ್ಲಿ ಇರಲ್ಲ. ಎರಡರ ಅನುಪಾತ ನೋಡಿದ್ರೆ ಬ್ಯಾಕ್ಟೀರಿಯಾ ಈಗ ಹೊಸ ರೈಬೋಸೋಮ್ ಕಟ್ಟುತ್ತಾ ಇದೆಯಾ ಅಂತ ಗೊತ್ತಾಗತ್ತೆ. ಔಷಧ ಎಷ್ಟು ಬ್ಯಾಕ್ಟೀರಿಯಾ ಕೊಂದಿತು ಅನ್ನೋದು ಒಂದು ಪ್ರಶ್ನೆ, ಉಳಿದವುಗಳ ಕೆಲಸ ಎಷ್ಟರ ಮಟ್ಟಿಗೆ ನಿಲ್ಲಿಸಿತು ಅನ್ನೋದು ಇನ್ನೊಂದು. ಬೇಗ ಗುಣಪಡಿಸೋ ಔಷಧಗಳ ಜೋಡಿಗಳು ಈ ಅನುಪಾತವನ್ನ ಚೆನ್ನಾಗಿ ಇಳಿಸ್ತವೆ. ಆರು ತಿಂಗಳನ್ನ ನಾಲ್ಕಕ್ಕೋ ಮೂರಕ್ಕೋ ಇಳಿಸೋ ಜೋಡಿ ಹುಡುಕೋರಿಗೆ ಇದು ದಾರಿದೀಪದ ಹಾಗೆ.

ನಮ್ಮ ಕೋಶಗಳಿಗೆ ಬರೋಣ. ತತ್ವ ಅದೇ, ಕಚೇರಿ ಮಾತ್ರ ದೊಡ್ಡದು.

ಮನುಷ್ಯರ ಕೋಶದಲ್ಲಿ ಈ ಜೀನ್‌ಗಳ ನೂರಾರು ಪ್ರತಿ ಇವೆ, ಐದು ಜೋಡಿ ವರ್ಣತಂತುಗಳ ಮೇಲೆ: 13, 14, 15, 21, 22. ಒಂದೇ ತರದ ಬರಹ ಮತ್ತೆ ಮತ್ತೆ ಬರೋದರಿಂದ ಈ ಭಾಗವನ್ನ ಓದೋಕೆ ವಿಜ್ಞಾನಿಗಳು ಪರದಾಡಿದ್ರು. ಮಾನವ ಜೀನೋಮ್ ಓದಿ ಮುಗೀತು ಅಂತ 2003ರಲ್ಲೇ ಘೋಷಣೆ ಆದರೂ ಈ ಜಾಗಗಳು ಖಾಲಿ ಉಳಿದಿದ್ದವು, ತುಂಬಿದ್ದು 2022ರಲ್ಲಿ.

ಈ ಜೀನ್‌ಗಳೆಲ್ಲ ಕೋಶಕೇಂದ್ರದ ಒಳಗೆ ಒಂದು ಕಡೆ ಗುಂಪಾಗಿ ಸೇರ್ತವೆ. ಅಲ್ಲಿ ದಟ್ಟವಾದ ಒಂದು ಚುಕ್ಕೆ ಕಾಣತ್ತೆ, ಅದೇ ನ್ಯೂಕ್ಲಿಯೋಲಸ್. 1934ರಲ್ಲಿ ಬಾರ್ಬರಾ ಮೆಕ್ಲಿಂಟಾಕ್ ಮುಸುಕಿನ ಜೋಳದಲ್ಲಿ, ಈ ಚುಕ್ಕೆ ಒಂದು ವರ್ಣತಂತುವಿನ ನಿರ್ದಿಷ್ಟ ಜಾಗದಲ್ಲೇ ಹುಟ್ಟತ್ತೆ ಅಂತ ತೋರಿಸಿದ್ರು. ಅದು ಏನು ಮಾಡತ್ತೆ ಅಂತ ಗೊತ್ತಾಗಿದ್ದು ಮೂವತ್ತು ವರ್ಷ ಆದಮೇಲೆ, ಒಂದು ಕಪ್ಪೆಯಿಂದ. ಆಕ್ಸ್‌ಫರ್ಡ್‌ನಲ್ಲಿ ಸಾಕಿದ್ದ ಆಫ್ರಿಕಾ ಮೂಲದ ಕಪ್ಪೆಗಳಲ್ಲಿ, ಕೋಶಕ್ಕೆ ಎರಡು ಚುಕ್ಕೆ ಇರಬೇಕಾದ ಕಡೆ ಒಂದೇ ಇರೋ ಕಪ್ಪೆ ಸಿಕ್ಕಿತು. ಅಂಥ ಎರಡು ಕಪ್ಪೆಗಳನ್ನ ಕೂಡಿಸಿದಾಗ ಮರಿಗಳಲ್ಲಿ ಕಾಲು ಭಾಗಕ್ಕೆ ಚುಕ್ಕೆಯೇ ಇಲ್ಲ. 1964ರಲ್ಲಿ ಡೊನಾಲ್ಡ್ ಬ್ರೌನ್ ಮತ್ತು ಜಾನ್ ಗರ್ಡನ್, ಈ ಮರಿಗಳು ರೈಬೋಸೋಮಲ್ ಆರ್‌ಎನ್‌ಎ ತಯಾರಿಸೋದೇ ಇಲ್ಲ ಅಂತ ತೋರಿಸಿದ್ರು. ಆಶ್ಚರ್ಯ ಏನಂದ್ರೆ ಅವು ತಕ್ಷಣ ಸಾಯಲ್ಲ. ಮೊಟ್ಟೆ ಒಡೆದು ಗೊದಮೊಟ್ಟೆಯಾಗಿ ಈಜೋ ತನಕ ಬದುಕಿರ್ತವೆ, ಆಮೇಲೆ ಸಾಯ್ತವೆ. ಅಲ್ಲಿವರೆಗೆ ನಡೆದಿದ್ದು ತಾಯಿ ಮೊಟ್ಟೆಯೊಳಗೆ ತುಂಬಿಟ್ಟಿದ್ದ ರೈಬೋಸೋಮುಗಳಿಂದ. ಬುತ್ತಿ ಮುಗೀತು, ಆಟ ಮುಗೀತು.

ತಯಾರಿಕೆಯ ಕ್ರಮ ಚುಟುಕಾಗಿ ಹೇಳ್ತೀನಿ. ನಮ್ಮಲ್ಲಿ ಮೂರು ಬೇರೆ ಬೇರೆ ಪಾಲಿಮರೇಸ್ ಇವೆ. ಒಂದನೇದು ಬರೀ ಈ ಕೆಲಸಕ್ಕೇ ಮೀಸಲು, ಅದು ಸುಮಾರು 13,000 ಅಕ್ಷರದ ಉದ್ದ ಎಳೆ ತೆಗೆಯತ್ತೆ. ಅದರಿಂದ 18ಎಸ್, 5.8ಎಸ್, 28ಎಸ್ ಅನ್ನೋ ಮೂರು ತುಂಡು ಕತ್ತರಿಸಿ ಇಟ್ಕೊಂಡು, ಉಳಿದ ಹತ್ತಿರ ಹತ್ತಿರ ಅರ್ಧ ಭಾಗವನ್ನ ಒಡೆದು ಹಾಕತ್ತೆ. 5ಎಸ್ ಮಾತ್ರ ಬೇರೆ ಕಡೆ, ಮೂರನೇ ಪಾಲಿಮರೇಸಿನಿಂದ ಬರತ್ತೆ. ಕತ್ತರಿಸೋ ಜೊತೆಗೇ ಇನ್ನೂರಕ್ಕೂ ಹೆಚ್ಚು ಜಾಗದಲ್ಲಿ ಅಕ್ಷರಗಳಿಗೆ ಸಣ್ಣ ತಿದ್ದುಪಡಿ ಆಗತ್ತೆ, ಸುಮಾರು 80 ಬಗೆಯ ಪ್ರೋಟೀನ್ ಬಂದು ಸೇರ್ತವೆ. ಆಮೇಲೆ ಎರಡೂ ಭಾಗ ಬೇರೆ ಬೇರೆಯಾಗಿ ಕೋಶಕೇಂದ್ರದಿಂದ ಹೊರಗೆ. ಇಷ್ಟೆಲ್ಲ ಇದ್ದೂ ವೇಗ ಕಡಿಮೆ ಇಲ್ಲ. ಬ್ರೆಡ್ಡಿಗೆ ಹಾಕೋ ಯೀಸ್ಟ್ ಚೆನ್ನಾಗಿ ಬೆಳೀವಾಗ ನಿಮಿಷಕ್ಕೆ 2,000 ರೈಬೋಸೋಮ್ ಕಟ್ಟತ್ತೆ.

ಇಲ್ಲಿನ ಬ್ರೇಕು, ಆಕ್ಸಿಲರೇಟರ್ ಎರಡೂ ಹೆಚ್ಚಾಗಿ ಎಮ್‌ಟಾರ್ ಅನ್ನೋ ಪ್ರೋಟೀನಿನ ಕೈಯಲ್ಲಿ. ಅಮೈನೋ ಆಮ್ಲ ಇದೆಯಾ, ಇನ್ಸುಲಿನ್‌ನಂಥ ಬೆಳವಣಿಗೆ ಸೂಚನೆ ಬಂದಿದೆಯಾ ಅಂತ ನೋಡಿ, ಒಂದನೇ ಪಾಲಿಮರೇಸನ್ನ ಜೀನ್‌ಗೆ ಜೋಡಿಸೋ ಮಧ್ಯವರ್ತಿ ಪ್ರೋಟೀನಿಗೆ ಅದು ಹಸಿರು ನಿಶಾನೆ ಕೊಡತ್ತೆ. ಎಮ್‌ಟಾರ್ ಹೆಸರಿನೊಳಗೆ ಒಂದು ಔಷಧ ಅಡಗಿದೆ, ರಾಪಾಮೈಸಿನ್. 1964ರಲ್ಲಿ ರಾಪಾನುಯಿ ದ್ವೀಪದಿಂದ, ಅಂದ್ರೆ ಈಸ್ಟರ್ ದ್ವೀಪದಿಂದ, ತಂದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಸಿಕ್ಕಿದ್ದು. ಅದರ ಮೇಲೆ ಪಟ್ಟು ಹಿಡಿದು ಕೆಲಸ ಮಾಡಿದವರು ಕೆನಡಾದಲ್ಲಿದ್ದ ಭಾರತೀಯ ಮೂಲದ ವಿಜ್ಞಾನಿ ಸುರೇಂದ್ರನಾಥ ಸೆಹಗಲ್. ಕಿಡ್ನಿ ಕಸಿ ಮಾಡಿಸಿಕೊಂಡ ಕೆಲವರಿಗೆ ಸಿರೋಲಿಮಸ್ ಅನ್ನೋ ಹೆಸರಲ್ಲಿ ಇದೇ ಮಾತ್ರೆ ಕೊಡ್ತಾರೆ.

ಇನ್ನೊಂದು ವಿಷಯ. ನೂರಾರು ಪ್ರತಿ ಇದ್ರೂ ಎಲ್ಲವೂ ಕೆಲಸ ಮಾಡಲ್ಲ. ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ರಾಸಾಯನಿಕ ಬೀಗ ಹಾಕಿ ಮುಚ್ಚಿರತ್ತೆ.

ಕಾರ್ಖಾನೆಯಲ್ಲಿ ಗಲಾಟೆ ಆದರೆ ಏನಾಗತ್ತೆ? ಕೋಶ ಅದನ್ನ ತುಂಬಾ ಗಂಭೀರವಾಗಿ ತಗೊಳ್ಳತ್ತೆ. ಜೋಡಣೆ ಅರ್ಧಕ್ಕೆ ನಿಂತಾಗ, ಕೂರೋಕೆ ಜಾಗ ಸಿಗದ ಎರಡು ರೈಬೋಸೋಮಲ್ ಪ್ರೋಟೀನುಗಳು 5ಎಸ್ ಆರ್‌ಎನ್‌ಎ ಜೊತೆ ಸೇರಿಕೊಂಡು, ಪಿ53 ಅನ್ನೋ ಕಾವಲುಗಾರನನ್ನ ಸದಾ ನಾಶ ಮಾಡ್ತಿರೋ ಇನ್ನೊಂದು ಪ್ರೋಟೀನನ್ನ ಹಿಡಿದು ಹಾಕ್ತವೆ. ಪಿ53 ಉಳ್ಕೊಳ್ಳತ್ತೆ, ಕೋಶ ವಿಭಜನೆ ನಿಲ್ಲಿಸತ್ತೆ ಅಥವಾ ಕೋಶವನ್ನೇ ಕೊಲ್ಲತ್ತೆ. ಡೈಮಂಡ್-ಬ್ಲ್ಯಾಕ್‌ಫ್ಯಾನ್ ಅನೀಮಿಯಾ ಅನ್ನೋ ಅಪರೂಪದ ಕಾಯಿಲೆಯಲ್ಲಿ ಹೆಚ್ಚಾಗಿ ಒಂದು ವರ್ಷ ತುಂಬೋ ಮೊದಲೇ ಮಕ್ಕಳಿಗೆ ಕೆಂಪು ರಕ್ತಕಣ ತಯಾರಾಗೋದು ಕುಸಿದು ಹೋಗತ್ತೆ. 1999ರಲ್ಲಿ ಮೊದಲು ಗೊತ್ತಾದ ಕಾರಣ, ಒಂದು ರೈಬೋಸೋಮಲ್ ಪ್ರೋಟೀನಿನ ಜೀನ್‌ನಲ್ಲಿ ದೋಷ.

ಕ್ಯಾನ್ಸರ್ ಕೋಶಗಳು ಉಲ್ಟಾ, ಬ್ರೇಕ್ ಇಲ್ಲದ ಗಾಡಿ. ಬೆಳೀಲೇಬೇಕು ಅಂತ ಹಟ, ಹಾಗಾಗಿ ನ್ಯೂಕ್ಲಿಯೋಲಸ್ ಊದಿಕೊಂಡಿರತ್ತೆ. 19ನೇ ಶತಮಾನದ ಕೊನೆಗೇ ಇದನ್ನ ಗಮನಿಸಿದ್ರು. ಇವತ್ತಿಗೂ ಬಯಾಪ್ಸಿ ವರದಿಯಲ್ಲಿ ನ್ಯೂಕ್ಲಿಯೋಲಸ್ ಎದ್ದು ಕಾಣ್ತಿದೆ ಅಂತ ಬರೆದಿದ್ರೆ, ಡಾಕ್ಟ್ರು ಅದನ್ನ ಸುಮ್ಮನೆ ದಾಟಿ ಹೋಗಲ್ಲ. ದೊಡ್ಡ ಕರುಳಿನ ಕ್ಯಾನ್ಸರಿಗೆ ಕೊಡೋ ಆಕ್ಸಾಲಿಪ್ಲಾಟಿನ್ ಇದೆಯಲ್ಲ, ಅದು ಸಿಸ್‌ಪ್ಲಾಟಿನ್ ಥರ ಡಿಎನ್‌ಎ ಹಾಳು ಮಾಡಿ ಕೊಲ್ಲತ್ತೆ ಅಂತ ಎಲ್ಲರೂ ನಂಬಿದ್ರು. 2017ರಲ್ಲಿ ಬಂದ ಅಧ್ಯಯನ ಬೇರೆ ಹೇಳಿತು: ಅದು ಮುಖ್ಯವಾಗಿ ಕೊಲ್ಲೋದು ರೈಬೋಸೋಮ್ ಕಟ್ಟೋ ಕೆಲಸ ಕೆಡಿಸಿ.

ಕೊನೆಯದಾಗಿ ಕಿವಿಯ ವಿಷಯ. ಅಮಿಕಾಸಿನ್, ಜೆಂಟಾಮೈಸಿನ್ ಥರದ ಇಂಜೆಕ್ಷನ್ ತಗೊಂಡವರಲ್ಲಿ ಕೆಲವರಿಗೆ ಕಿವಿ ಕೇಳಿಸದ ಹಾಗೆ ಆಗತ್ತೆ, ಶಾಶ್ವತವಾಗಿ. ಔಷಧ ನಿರೋಧಕ ಟಿಬಿಗೆ ತಿಂಗಳುಗಟ್ಟಲೆ ಚುಚ್ಚಿಸಿಕೊಂಡು ರೋಗದಿಂದ ಬದುಕಿ, ಕಿವಿ ಕಳಕೊಂಡವರಿದ್ದಾರೆ. ಈಗ ಆ ಜಾಗಕ್ಕೆ ಮಾತ್ರೆಗಳ ಚಿಕಿತ್ಸೆ ಬಂದಿರೋದರ ಹಿಂದೆ ಇದೂ ಒಂದು ಕಾರಣ. ಬ್ಯಾಕ್ಟೀರಿಯಾದ ರೈಬೋಸೋಮಿಗೆ ಹೊಡೆಯೋ ಔಷಧ ನಮ್ಮ ಕಿವಿಗೆ ಯಾಕೆ ತಗುಲತ್ತೆ? ನಮ್ಮ ಕೋಶದೊಳಗಿನ ಮೈಟೋಕಾಂಡ್ರಿಯಾ ಕೋಟ್ಯಂತರ ವರ್ಷಗಳ ಹಿಂದೆ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು. ಅದರ ಹತ್ತಿರ ಇವತ್ತಿಗೂ ಸ್ವಂತ ರೈಬೋಸೋಮ್ ಇದೆ, ಸ್ವಂತ ರೈಬೋಸೋಮಲ್ ಆರ್‌ಎನ್‌ಎ ಜೀನ್ ಇದೆ. ಕೆಲವರಲ್ಲಿ ಆ ಜೀನ್‌ನಲ್ಲಿ, ಮೈಟೋಕಾಂಡ್ರಿಯಾದ ಡಿಎನ್‌ಎ ಲೆಕ್ಕದಲ್ಲಿ 1555ನೇ ಅಕ್ಷರ, ಎ ಬದಲು ಜಿ ಇರತ್ತೆ. ಆಗ ಆ ಆರ್‌ಎನ್‌ಎ ಬ್ಯಾಕ್ಟೀರಿಯಾದ್ದನ್ನ ಇನ್ನೂ ಹೆಚ್ಚು ಹೋಲತ್ತೆ, ಔಷಧ ಗಟ್ಟಿಯಾಗಿ ಅಂಟಿಕೊಳ್ಳತ್ತೆ. ಇಂಥವರಿಗೆ ಸಾಮಾನ್ಯ ಡೋಸಿನಲ್ಲೇ ಕಿವಿ ಹೋಗಬಹುದು. ಮೈಟೋಕಾಂಡ್ರಿಯಾ ತಾಯಿಯಿಂದ ಮಾತ್ರ ಬರೋದರಿಂದ ಈ ಅಕ್ಷರ ಅಮ್ಮ, ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಸೋದರಮಾವ ಈ ಸಾಲಿನಲ್ಲಿ ಕಾಣಿಸತ್ತೆ. ತಾಯಿ ಕಡೆಯ ನೆಂಟರಲ್ಲಿ ಯಾರಿಗಾದ್ರೂ ಇಂಜೆಕ್ಷನ್ ಆದಮೇಲೆ ಕಿವಿ ಹೋಗಿದ್ರೆ, ಈ ಗುಂಪಿನ ಔಷಧ ಬರೆಯೋ ಮೊದಲೇ ಡಾಕ್ಟ್ರಿಗೆ ಹೇಳಿ.

ನವಜಾತ ಶಿಶುಗಳ ಐಸಿಯುನಲ್ಲಿ ಸೋಂಕಿನ ಅನುಮಾನ ಬಂದ ಮಗುವಿಗೆ ಒಂದು ಗಂಟೆಯೊಳಗೆ ಜೆಂಟಾಮೈಸಿನ್ ಕೊಡಬೇಕು ಅಂತಾರೆ, ಮಾಮೂಲಿ ಜೀನ್ ಪರೀಕ್ಷೆಗೆ ಅಷ್ಟು ಸಮಯ ಎಲ್ಲಿದೆ? ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಮಗುವಿನ ಕೆನ್ನೆಯ ಒಳಭಾಗ ಒರೆಸಿ, ಹಾಸಿಗೆ ಪಕ್ಕದಲ್ಲೇ ಆ 1555ನೇ ಅಕ್ಷರ ಓದೋ ಪೆಟ್ಟಿಗೆಯನ್ನ ಬಳಸಿ ನೋಡಿದ್ರು, ಫಲಿತಾಂಶ 2022ರಲ್ಲಿ ಪ್ರಕಟವಾಯ್ತು. ಅರ್ಧ ಗಂಟೆಯೊಳಗೆ ಉತ್ತರ ಬರತ್ತೆ. ಜಿ ಇದ್ದ ಮಕ್ಕಳಿಗೆ ಬೇರೆ ಆಂಟಿಬಯೋಟಿಕ್ ಕೊಟ್ಟರು.

ಮುಂದಿನ ಸಂಚಿಕೆ ಮೈಟೋಕಾಂಡ್ರಿಯಾ ಮೇಲೆಯೇ ಇರತ್ತೆ. ಪ್ರಶ್ನೆ ಇದ್ರೆ ಕಳಿಸಿ, ಈ ಸಲ ಮಾಡಿದ ಹಾಗೆ.